ಮಡಿಸಿದ ಅರ್ಧ

ಮನೆಯಿಂದ,
ಮೇ 11, ಸೋಮವಾರ

ಅಪ್ಪ,

ಬೆಂಚಿನ ಮೇಲೆ ಕೂರಲಾರದೆ ಶಾಲೆ ಬಿಟ್ಟವಳು ಈಗ ಊರನ್ನೆಲ್ಲ ಬೆಂಚಿನ ಮೇಲೆ ಕೂರಿಸುತ್ತಿದ್ದೇನೆ. ನಗಬೇಡ, ನಿಜವಾಗಿಯೂ ಅದೇ ನನ್ನ ಈಗಿನ ಕೆಲಸ.

ಲಾಕ್‌ಡೌನಿಗೆ ಚರ್ಚಿನ ಬಾಗಿಲು ಮುಚ್ಚಿ ಎರಡು ತಿಂಗಳಾಗುತ್ತಾ ಬಂತು. ಫಾದರ್ ಒಬ್ಬರೇ ಒಳಗೆ ಪೂಜೆ ಮಾಡುತ್ತಾರೆ. ಕಂಬಕ್ಕೆ ಕಟ್ಟಿದ ಮೊಬೈಲು ಅದನ್ನು ಮನೆಮನೆಗೆ ತೋರಿಸುತ್ತದೆ. ಮೊದಮೊದಲು ಅವರು ಪ್ರಸಂಗದ ನಡುವೆ ತಡವರಿಸಿ ನಿಂತುಬಿಡುತ್ತಿದ್ದರು. ಖಾಲಿ ಬೆಂಚು ಕಂಡರೆ ಬಾಯಿ ಒಣಗುತ್ತದಂತೆ. ಒಂದು ದಿನ ನಮ್ಮ ಫೋಟೊ ಸ್ಟುಡಿಯೊ ಬಾಗಿಲಿಗೇ ಬಂದರು. "ಇಷ್ಟು ವರ್ಷ ಜನ ಆಕಳಿಸೋದನ್ನ ನೋಡ್ಕೊಂಡೇ ಪ್ರಸಂಗ ಮಾಡಿದೋನು ನಾನು. ಆಕಳಿಸೋರೂ ಇಲ್ಲ ಅಂದ್ರೆ ಯಾರಿಗೆ ಅಂತ ಮಾತಾಡ್ಲಿ?" ಎಂದರು.

ಸ್ಟುಡಿಯೊ ಯಜಮಾನರು ಹೆಂಡತಿಯ ಊರಿಗೆ ಹೋದವರು ರಸ್ತೆ ಮುಚ್ಚಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ಬೀಗದ ಕೈ ನನ್ನ ಹತ್ತಿರ ಇದೆ. ಫೋನಿನಲ್ಲೇ ಅವರ ಒಪ್ಪಿಗೆ ಪಡೆದೆ. ಈಗ ಜನ ತಮ್ಮ ಫೋಟೊ ಕಳಿಸುತ್ತಾರೆ, ನಾನು ಪ್ರಿಂಟು ಹಾಕಿ, ಯಾರು ಎಲ್ಲಿ ಕೂರುತ್ತಿದ್ದರೋ ಅಲ್ಲೇ ಟೇಪಿನಿಂದ ಅಂಟಿಸುತ್ತೇನೆ.

ಒಬ್ಬರೂ ಈಗಿನ ಮುಖ ಕಳಿಸಿಲ್ಲ ಅಪ್ಪ. ಔಷಧಿ ಅಂಗಡಿಯವರು ತಲೆ ತುಂಬ ಕೂದಲಿದ್ದ ಕಾಲದ್ದನ್ನು ಕಳಿಸಿದ್ದಾರೆ. ದರ್ಜಿ ಅಕ್ಕ ಫೋನು ಮಾಡಿ ಬೈದಳು. "ನನ್ನನ್ನ ಯಾಕೇ ಕಂಬದ ಹಿಂದೆ ಕೂರಿಸಿದ್ದೀಯ?"

"ನೀವು ಯಾವಾಗ್ಲೂ ಅಲ್ಲೇ ಅಲ್ವಾ ಕೂರೋದು?"

"ನಾನು ಅಲ್ಲಿ ಕೂರೋದು ಮೊಬೈಲು ನೋಡೋಕೆ. ಫೋಟೊ ಏನು ಮೊಬೈಲು ನೋಡುತ್ತಾ? ಎತ್ತಿ ಮುಂದೆ ಹಾಕು!"

ಮಾವ ಕೀಬೋರ್ಡ್ ಜೊತೆ ನಿಂತ ಫೋಟೊ ಕಳಿಸಿದ್ದಾನೆ. ಹಾಡುವವರ ಜಾಗದಲ್ಲಿ ಸರಿಯಾಗಿ ಮಧ್ಯಕ್ಕೆ ಬರಬೇಕಂತೆ.

ಈಗ ಮುಖ್ಯ ವಿಷಯ. ಅಮ್ಮ ತಂದಿಟ್ಟದ್ದು ನಿಮ್ಮ ಮದುವೆಯ ಫೋಟೊ.

"ಇದರಲ್ಲಿ ಅಪ್ಪ ಇದ್ದಾನಲ್ಲಮ್ಮ," ಎಂದೆ.

"ಇದ್ರೆ ಇರ್ಲಿ. ಗಂಡ ತಾನೆ, ದಾರೀಲಿ ಹೋಗೋರಲ್ವಲ್ಲ."

"ಅಪ್ಪನ್ನ ಕೇಳಿಲ್ಲ. ಆರು ವರ್ಷದಿಂದ ಕಾಲಿಡದ ಜಾಗದಲ್ಲಿ ಹೇಳದೆ ಕೇಳದೆ ಕೂರಿಸಿದ್ರೆ, ಅವನ ಸಹಿ ನಾನು ಹಾಕಿದ ಹಾಗೆ."

ಅಮ್ಮ ನನ್ನನ್ನೇ ದಿಟ್ಟಿಸಿ ನೋಡಿದಳು. ನಾನು ಹಾಕಿಕೊಟ್ಟ ಪ್ರಿಂಟನ್ನು ಸರಿಯಾಗಿ ನಡುವೆ ಮಡಿಸಿ, ಉಗುರಿನಿಂದ ಗೆರೆ ಎಳೆದಳು. "ತಗೋ. ಈಗ ಸಮಾಧಾನ ಆಯ್ತಾ ನಿನ್ನ ಸತ್ಯಕ್ಕೆ?"

ಹಾಗಾಗಿ ಅಮ್ಮ ಪೀಠದ ಕಡೆ ನೋಡಿಕೊಂಡು ಕೂತಿದ್ದಾಳೆ. ನೀನು ಅವಳ ಬೆನ್ನಿಗೆ, ಮುಖವನ್ನು ಬೆಂಚಿನ ಮರಕ್ಕೆ ಒತ್ತಿಕೊಂಡು ಇದ್ದೀಯ. ಬಿಡಿಸಲಾ?

ಮಾವ ಆ ದಿನ ಅಂದ ಮಾತು ನನಗೂ ನೆನಪಿದೆ. ಚರ್ಚಿನಲ್ಲಿ ಹಾಡಿನ ಅಭ್ಯಾಸದ ಮಧ್ಯೆ ಎಲ್ಲರನ್ನೂ ನಿಲ್ಲಿಸಿ, "ಭಾವ, ನೀವು ಬಾಯಿ ಮಾತ್ರ ಆಡಿಸಿ, ಸ್ವರ ಬೇಡ" ಅಂದ. ನೀನು ಪುಸ್ತಕ ಬೆಂಚಿನ ಮೇಲಿಟ್ಟು ಹೊರಗೆ ಬಂದೆ, ಮತ್ತೆ ಒಳಗೆ ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ನಿಜ. ಆದರೆ ನೀನು ನನ್ನನ್ನು ಕೇಳದಿದ್ದರೂ ಹೇಳಿಬಿಡುತ್ತೇನೆ: ನಿನ್ನ ಸ್ವರ ಚೆನ್ನಾಗಿಲ್ಲ ಅಪ್ಪ. ಗಂಟಲಿಗಾಗಿ ಇಡೀ ಮನುಷ್ಯ ಹೊರಗಿರಬೇಕಾ?

ಪಂಪ್‌ಹೌಸಿನಲ್ಲಿ ನಿನ್ನ ಜಾಗಕ್ಕೆ ಬರಬೇಕಾದವರು, ದಾರಿ ತೆರೆಯದ್ದರಿಂದ ಇನ್ನೂ ಬಂದಿಲ್ಲವೆಂದು ನಿನಗೆ ಸಾಮಾನು ತರುವ ವ್ಯಾನಿನ ಅಣ್ಣ ಹೇಳಿದರು. ಅಲ್ಲಿ ಮೊಬೈಲು ಹಿಡಿಯುವುದೂ ಇಲ್ಲ, ಇರುವ ಒಂದು ಫೋನು ಕಚೇರಿಯ ಮಾತಿಗೆ ಮಾತ್ರ. ಈ ಪತ್ರವನ್ನು ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯ ಜೊತೆ ಕಳಿಸುತ್ತಿದ್ದೇನೆ. ಉತ್ತರವನ್ನು ಖಾಲಿ ಚೀಲಗಳ ಜೊತೆ ಕಳಿಸು.

ನಿನ್ನ
ಬುಗುರಿ


ಪಂಪ್‌ಹೌಸಿನಿಂದ,
ಮೇ 19, ಮಂಗಳವಾರ

ಬುಗುರಿ,

ಪತ್ರ ಮೂಟೆಗಳ ಮಧ್ಯೆ ಕೂತು ಬಂತು. ಓದುವಾಗ ಕಣ್ಣು ಉರಿಯಿತು. ಪುಡಿಯಿಂದ ಉರಿದದ್ದು, ಬೇರೆ ಏನೂ ಅಂದುಕೊಳ್ಳಬೇಡ.

ನಾನು ಚೆನ್ನಾಗಿದ್ದೇನೆ. ಎರಡು ಪಂಪುಗಳಲ್ಲಿ ಒಂದು ಓಡುತ್ತದೆ, ಒಂದು ಸುಮ್ಮನಿರುತ್ತದೆ. ಸುಮ್ಮನಿರುವುದಕ್ಕೆ ಹೊಟ್ಟೆಕಿಚ್ಚಾಗದಿರಲಿ ಎಂದು ಸರದಿ ಬದಲಿಸುತ್ತೇನೆ. ಸ್ವಿಚ್‌ಬೋರ್ಡಿನ ಪಕ್ಕಕ್ಕೇ ಮಂಚ ಎಳೆದುಕೊಂಡಿದ್ದೇನೆ. ಬೇರೆಯವರಿಗೆ ಸದ್ದಾದರೆ ಎಚ್ಚರವಾಗುತ್ತದೆ, ನನಗೆ ಸದ್ದು ನಿಂತರೆ. ಅನ್ನ ನಾನೇ ಮಾಡಿಕೊಳ್ಳುತ್ತೇನೆ. ಮೊದಲ ವಾರ ಅದನ್ನು ಅನ್ನ ಎಂದು ಕರೆಯುವಂತಿರಲಿಲ್ಲ. ಈಗ ಕರೆದರೆ ಓಗೊಡುತ್ತದೆ.

ನಿನ್ನ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡುವುದಿಲ್ಲ. ಮಡಿಸಿದ್ದು ಮಡಿಸಿದ ಹಾಗೇ ಇರಲಿ. ನೀನು ಕೇಳಿದ್ದು ಒಳ್ಳೆಯದಾಯಿತು.

ನನ್ನ ಸ್ವರದ ಸಂಗತಿ ನನಗೆ ಗೊತ್ತು. ಹದಿನೈದು ವರ್ಷ ಪಂಪಿನ ಪಕ್ಕ ಕೆಲಸ ಮಾಡಿದವನು ಮೆಲ್ಲಗೆ ಹಾಡುವುದನ್ನು ಎಲ್ಲಿ ಕಲಿಯಬೇಕು ಹೇಳು.

ಅಮ್ಮನ ಮಂಡಿ ನೋವು ಹೇಗಿದೆ? ನಿನ್ನ ಮಾವ ಹುಷಾರಾಗಿದ್ದಾನಾ? ನಾನು ಕೇಳಿದೆ ಎಂದು ಹೇಳಬೇಕಾಗಿಲ್ಲ.

ಇಂತಿ,
ಅಪ್ಪ


ಮನೆಯಿಂದ,
ಜೂನ್ 1, ಸೋಮವಾರ

ಅಪ್ಪ,

ಎರಡು ಸಂಗತಿ ನಡೆದಿವೆ. ಮೊದಲನೆಯದರಲ್ಲಿ ನನ್ನ ತಪ್ಪಿದೆ, ಎರಡನೆಯದರಲ್ಲಿ ನಿನ್ನದು.

ಚರ್ಚಿನ ಕೆಲಸ ನೋಡಿಕೊಳ್ಳುವ ತಾತನಿಗೆ ವಯಸ್ಸಾಗಿದೆ ಎಂದು ಹೊರಗೆ ಬಿಡುವುದಿಲ್ಲ. ಪೂಜೆಗೆ ಪಾತ್ರೆ ಜೋಡಿಸುವುದು, ಮೇಣದ ಬತ್ತಿ ಹಚ್ಚುವುದು ಎಲ್ಲ ನನ್ನ ಪಾಲಿಗೆ ಬಂದಿದೆ. ನಿನಗೆ ನೆನಪಿರಬೇಕು, ಫಾದರ್ ಉಡುಪು ತೊಡುತ್ತಾ "ಎಷ್ಟು ಜನ?" ಎನ್ನುತ್ತಿದ್ದರು. ತಾತ ಬಾಗಿಲ ಸಂದಿಯಿಂದ ತಲೆ ಎಣಿಸಿ, ಅಷ್ಟು ಪ್ರಸಾದದ ರೊಟ್ಟಿ ಪಾತ್ರೆಗೆ ಹಾಕುತ್ತಿದ್ದ. ನಿನ್ನ ಪತ್ರ ಬರುವುದಕ್ಕೆ ಮುಂಚಿನ ಭಾನುವಾರ ಫಾದರ್ ಅಭ್ಯಾಸದ ಮೇಲೆ "ಎಷ್ಟು ಜನ?" ಎಂದರು. ನಾನೂ ಯೋಚಿಸದೆ ಹೋಗಿ ಎಣಿಸಿ ಬಂದೆ. ಅಷ್ಟೂ ಪಾತ್ರೆಗೆ ಹಾಕಿದೆ. ಅವರು ಅಷ್ಟನ್ನೂ ಪೀಠದ ಮೇಲಿಟ್ಟು ಪೂಜೆ ಮಾಡಿದರು.

ಜನರಿಗೆ ಪರಮಪ್ರಸಾದ ಹಂಚುವ ಹೊತ್ತಿಗೆ ಪಾತ್ರೆ ಎತ್ತಿಕೊಂಡು ತಿರುಗಿದರು, ಮೆಟ್ಟಿಲು ಇಳಿದರು, ನಿಂತರು. ಎದುರಿಗೆ ಸಾಲುಸಾಲು ಫೋಟೊ. ಯಾರೂ ಎದ್ದು ಬರಲಿಲ್ಲ. ಅವರು ಎಷ್ಟು ಹೊತ್ತು ಹಾಗೇ ನಿಂತರೆಂದರೆ, ಮನೆಯಲ್ಲಿ ನೋಡುತ್ತಿದ್ದವರು ನೆಟ್‌ವರ್ಕ್ ಹೋಯಿತು ಎಂದು ಮೊಬೈಲು ಕುಟ್ಟಿದರಂತೆ.

ಪೂಜೆ ಮುಗಿದ ಮೇಲೆ ಕರೆದರು. "ಬುಗುರಿ, ನಾವಿಬ್ರೂ ಸೇರ್ಕೊಂಡು ಏನು ಮಾಡಿದ್ವಿ?"

"ನೀವು ಎಷ್ಟು ಜನ ಅಂದ್ರಿ, ನಾನು ಎಣಿಸಿದೆ."

"ಫೋಟೊ ಎಣಿಸಿದ್ಯಾ?"

"ಇಲ್ಲ ಫಾದರ್, ಜನರನ್ನೇ ಎಣಿಸಿದೆ. ಒಂದೊಂದು ಫೋಟೊದಲ್ಲಿ ಇಬ್ಬಿಬ್ಬರಿದ್ದಾರಲ್ಲ."

ಅವರು ಪೀಠದ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡದ್ದು ನಗುವಿನದ್ದೇ ಅಂತ ನಾನು ಹೇಳಲಾರೆ. ಪೂಜೆಯಾದ ಮೇಲೆ ಅದು ಬರೀ ರೊಟ್ಟಿ ಅಲ್ಲವಲ್ಲ, ಕ್ರಿಸ್ತನ ದೇಹ, ವಾಪಸು ಪೊಟ್ಟಣಕ್ಕೆ ಸುರಿಯುವಂತಿಲ್ಲ. ಪೀಠದ ಹಿಂದಿನ ಗೂಡಿನಲ್ಲಿಟ್ಟು ಬೀಗ ಹಾಕಿದರು.

ಮನೆಗೆ ಬಂದ ಮೇಲೆ ನನಗೆ ಹೊಳೆಯಿತು. ನಾನು ನಿನ್ನನ್ನೂ ಎಣಿಸಿದ್ದೆ. ನೀನು ಅಮ್ಮನ ಹಿಂದೆ ಇದ್ದೀಯ ಎಂದು ನನಗೆ ಗೊತ್ತಿತ್ತಲ್ಲ, ಲೆಕ್ಕ ತಾನಾಗಿ ಬಂದುಬಿಟ್ಟಿತು. ಗೂಡಿನಲ್ಲಿ ನಿನ್ನ ಪಾಲಿನದೂ ಒಂದಿದೆ.

ಎರಡನೆಯ ಸಂಗತಿ. ನಿನ್ನ ಪತ್ರವನ್ನು ಅಮ್ಮನಿಗೆ ಓದಿದೆ. ಅವಳು ಇಸ್ತ್ರಿ ಮಾಡುತ್ತಿದ್ದಳು. ಕೇಳುತ್ತಲೇ ಇನ್ನೊಂದು ಬಟ್ಟೆಗೆ ಕೈ ಹಾಕಿದಳು. ಮರುದಿನ ಬೆಳಿಗ್ಗೆ "ಚರ್ಚಿನ ಬೀಗದ ಕೈ ತಗೊಂಡು ಬಾ" ಎಂದಳು. ಹೋದೆವು. ನೆಟ್ಟಗೆ ತನ್ನ ಬೆಂಚಿಗೆ ಹೋಗಿ, ಉಗುರಿನಿಂದ ಟೇಪು ಕಿತ್ತು, ಫೋಟೊ ಬ್ಯಾಗಿಗೆ ಹಾಕಿಕೊಂಡಳು.

"ಯಾಕಮ್ಮ?"

"ಅರ್ಧ ಮಡಿಸ್ಕೊಂಡು ಕೂತೂ ಕೂತೂ ಸೊಂಟ ನೋವು."

ಭಾನುವಾರ ಮೊಬೈಲಿನಲ್ಲಿ ಆ ಖಾಲಿ ಜಾಗ ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಂಡಿತು. ಫೋನಿನ ಮೇಲೆ ಫೋನು. ಕೊನೆಗೆ ಮಾವ.

"ಅಕ್ಕಾ, ಎಲ್ಲಿದ್ದೀಯ?"

"ಮನೇಲಿ. ಎಲ್ಲಿರ್ತಾರೆ ಈಗ?"

"ಅದಲ್ಲ. ಬೆಂಚ್ ಮೇಲೆ ಯಾಕಿಲ್ಲ?"

"ನಿಮ್ಮ ಭಾವ ಬರಲ್ಲ ಅಂದ್ರು. ಅವರಿಲ್ಲದ ಕಡೆ ನಾನೂ ಇಲ್ಲ."

"ಆರು ವರ್ಷ ಒಬ್ಬಳೇ ಬರ್ತಿದ್ಯಲ್ಲ?"

"ಬರ್ತಿದ್ದೆ. ಸಾಕಾಯ್ತು ಕಣೋ."

ಮಾವ ಏನೋ ಹೇಳಲು ಹೋದ, ಕೆಮ್ಮು ಬಂತು. "ಸರಿ ಅಕ್ಕಾ" ಎಂದು ಇಟ್ಟ.

ಅಮ್ಮ ಈಗ ಪೂಜೆಯ ಹೊತ್ತಿಗೆ ಮೊಬೈಲನ್ನೂ ಹಚ್ಚುವುದಿಲ್ಲ. ಜಪಸರ ಹಿಡಿದು ಕಿಟಕಿಯ ಹತ್ತಿರ ಕೂರುತ್ತಾಳೆ. ಜ್ವರ ಬಂದರೂ ಭಾನುವಾರ ತಪ್ಪಿಸದವಳು ಅವಳು. ನಿನ್ನನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ. ಬರೆಯದಿದ್ದರೆ ಮುಚ್ಚಿಟ್ಟ ಹಾಗಾಗುತ್ತದೆ, ಅದಕ್ಕೆ.

ನಿನ್ನ
ಬುಗುರಿ


ಪಂಪ್‌ಹೌಸಿನಿಂದ,
ಜೂನ್ 10, ಬುಧವಾರ

ಬುಗುರಿ,

ನಾನು ಅವಳಿಗೆ ಹೊರಗೆ ಬಾ ಎಂದು ಒಂದು ದಿನವೂ ಹೇಳಲಿಲ್ಲ. ಆರು ವರ್ಷ ಪ್ರತಿ ಭಾನುವಾರ ಅವಳ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿ ಇಟ್ಟವನೇ ನಾನು. ಅವಳು ಚರ್ಚಿನಿಂದ ಬರುವಷ್ಟರಲ್ಲಿ ಚಹಾ ಕುದಿಸಿರುತ್ತಿದ್ದೆ. ನನಗಾಗಿ ಅವಳು ಏನನ್ನೂ ಬಿಡುವುದು ಬೇಡ. ಫೋಟೊ ವಾಪಸು ಅಂಟಿಸು ಎಂದು ಹೇಳು. ನನ್ನ ಅರ್ಧವನ್ನು ಕತ್ತರಿಸಿಬಿಟ್ಟರೂ ಚಿಂತೆಯಿಲ್ಲ.

ನೀನು ಹೇಳಿದೆ, ಗಂಟಲಿಗಾಗಿ ಹೊರಗಿರಬೇಕಾ ಎಂದು. ಗಂಟಲಿಗಾಗಿ ಅಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ನೀನು ಬಿಡುವವಳಲ್ಲ ಎಂದು ಹೇಳುತ್ತಿದ್ದೇನೆ.

ನಿನ್ನ ಮಾವ ಅಂದ ಮಾತು ನನಗೆ ಅಷ್ಟು ತಾಗಲಿಲ್ಲ. ಅವನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ, ಅವನ ನಾಲಿಗೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಓಡುತ್ತದೆ. ಎಲ್ಲರೂ ನಕ್ಕರು. ನಾನೂ ನಗುವವನಿದ್ದೆ. ನಗುವ ಮುಂಚೆ ಹೆಂಗಸರ ಸಾಲಿನಲ್ಲಿ ನಿಮ್ಮಮ್ಮನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದ್ದರೆ ಸಾಕಾಗಿತ್ತು, ನಕ್ಕಿದ್ದರೂ ಸಾಕಾಗಿತ್ತು. ಅವಳು ಹಾಡಿನ ಪುಸ್ತಕಕ್ಕೆ ತಲೆ ತಗ್ಗಿಸಿದಳು.

ಅಷ್ಟೇ. ಹೇಳಿದರೆ ಎಷ್ಟು ಚಿಕ್ಕದು ನೋಡು. ಅದಕ್ಕೇ ಹೇಳಿರಲಿಲ್ಲ.

ಇದನ್ನು ಅಮ್ಮನಿಗೆ ಓದಬೇಡ. ಗೂಡಿನಲ್ಲಿರುವ ನನ್ನ ಪಾಲನ್ನು ಫಾದರ್ ತಾವೇ ತೆಗೆದುಕೊಳ್ಳಲಿ. ಎಣಿಕೆ ತಪ್ಪುವುದು ಪಾಪವಲ್ಲ.

ನದಿಯಲ್ಲಿ ನೀರು ಸ್ವಲ್ಪ ಏರಿದೆ. ಮಾವನ ಕೆಮ್ಮು ಏನಾಯಿತು, ಬರಿ.

ಇಂತಿ,
ಅಪ್ಪ


ಮನೆಯಿಂದ,
ಜೂನ್ 24, ಬುಧವಾರ

ಅಪ್ಪ,

ಅಮ್ಮನಿಗೆ ಓದಲಿಲ್ಲ. ಆದರೆ ಅವಳು ಕೇಳಿದಳು. "ಏನು ಬರೆದಿದ್ದಾರೆ?"

"ನದಿ ಏರಿದೆಯಂತೆ. ನೀನು ಬೆಂಚಿಗೆ ವಾಪಸು ಹೋಗಬೇಕಂತೆ."

"ಅಷ್ಟಕ್ಕೆ ಎರಡು ಹಾಳೆ ಬೇಕಾಯ್ತಾ?"

"ಇನ್ನೊಂದು ವಿಷಯ ಇದೆ. ನಿನಗೆ ಹೇಳಬಾರದಂತೆ."

ಏನೂ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ, ಕ್ಷಮಿಸು. ಅಮ್ಮ "ಹೇಳಬಾರ್ದು ಅಂದಿದ್ರೆ ಹೇಳ್ಬೇಡ" ಎಂದು ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಳು.

ಮಾವನದು ಬರೀ ಕೆಮ್ಮಾಗಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದರು. ಹೆದರಬೇಡ, ಮನೆಗೆ ಬಂದು ನಾಲ್ಕು ದಿನವಾಯಿತು. ಅವನು ಒಳಗಿದ್ದಾಗ ನಿನಗೆ ಬರೆಯಲಿಲ್ಲ, ಯಾಕೆಂದರೆ ಏನು ಬರೆಯಬೇಕೆಂದು ನನಗೇ ಗೊತ್ತಿರಲಿಲ್ಲ.

ಈ ನಡುವೆ ಫಾದರ್‌ಗೆ ಅನುಮತಿ ಸಿಕ್ಕಿತು. ಅವರು ಮತ್ತು ಜೊತೆಗೆ ಒಬ್ಬರು ಮನೆಮನೆಯ ಗೇಟಿನವರೆಗೆ ಹೋಗಿ ಪರಮಪ್ರಸಾದ ಕೊಡಬಹುದು. ಒಳಗೆ ಕಾಲಿಡುವಂತಿಲ್ಲ, ಮಾತು ಕಡಿಮೆ ಇರಬೇಕು. ಮಾತು ಕಡಿಮೆ ಇರಬೇಕಾದ ಕೆಲಸಕ್ಕೆ ನನ್ನನ್ನು ಆರಿಸಿದರು ನೋಡು. ನಾನು ಮುಂದೆ ಚಿಕ್ಕ ಗಂಟೆ ಆಡಿಸುತ್ತಾ ಹೋಗುತ್ತಿದ್ದೆ, ಅವರು ಹಿಂದೆ ಡಬ್ಬಿ ಹಿಡಿದು ಬರುತ್ತಿದ್ದರು. ಜನ ಗೇಟಿನ ಹತ್ತಿರ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಕಾಯುತ್ತಿದ್ದರು. ಔಷಧಿ ಅಂಗಡಿಯವರನ್ನು ಕಂಡು ಫಾದರ್ ಮೆಲ್ಲಗೆ, "ಬೆಂಚ್ ಮೇಲೆ ಕೂದಲಿತ್ತಲ್ಲ?" ಎಂದರು. "ನಿಮ್ಮ ಪ್ರಸಂಗ ಕೇಳಿ ಕೇಳಿ ಉದುರಿದ್ದು ಫಾದರ್" ಎಂದರು ಅವರು. ದರ್ಜಿ ಅಕ್ಕ ಕೈ ಚಾಚಿದವಳು ಅತ್ತುಬಿಟ್ಟಳು. ಅವಳು ಕಂಬದ ಹಿಂದೆ ಮೊಬೈಲು ನೋಡುವವಳು ಎಂದೇ ನಾನು ತಿಳಿದಿದ್ದೆ. ನಮಗೆ ಗೊತ್ತಿರುವುದು ಎಷ್ಟು ಕಡಿಮೆ ಅಪ್ಪ.

ನಮ್ಮ ಗೇಟು ಕೊನೆಯದು. ಅಮ್ಮ ತಲೆಗೆ ಸೆರಗು ಹಾಕಿಕೊಂಡು ನಿಂತಿದ್ದಳು. ಪರಮಪ್ರಸಾದ ತೆಗೆದುಕೊಂಡಳು. ಸುಮ್ಮನೆ ಒಳಗೆ ಹೋಗುತ್ತಾಳೆ ಎಂದುಕೊಂಡರೆ ಅಲ್ಲೇ ನಿಂತಳು.

"ಫಾದರ್, ಡಬ್ಬೀಲಿ ಇನ್ನೂ ಒಂದಿದೆ."

"ಹೌದಮ್ಮ."

"ಯಾರದ್ದು?"

ಫಾದರ್ ನನ್ನ ಕಡೆ ನೋಡಿದರು. "ಅಪ್ಪನದು," ಎಂದೆ. "ನಾನು ಎಣಿಸಿಬಿಟ್ಟಿದ್ದೆ. ನೀವೇ ತಗೊಂಡುಬಿಡಬೇಕಂತೆ ಫಾದರ್, ಅಪ್ಪ ಬರೆದಿದ್ದಾನೆ."

ಅಮ್ಮ ಗೇಟಿನ ಸರಳು ಹಿಡಿದುಕೊಂಡಳು. "ಅದನ್ನ ನೀವು ತಗೋಬೇಡಿ ಫಾದರ್," ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಸಂಜೆ ಮಾವ ಬಂದ. ಅದೇ ಗೇಟಿನ ಹೊರಗೆ, ಸ್ಕೂಟರಿಗೆ ಒರಗಿಕೊಂಡು ನಿಂತ. ನೋಡಿದರೆ ಗುರುತು ಸಿಗುವುದಿಲ್ಲ, ಅರ್ಧ ಆಗಿದ್ದಾನೆ. ಒಂದು ಸಾಲು ಹಾಡಬೇಕಾದರೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಂತೆ.

"ನಿಮ್ಮಪ್ಪ ಇರೋ ಕಡೆ ಹೋಗೋದು ಹೆಂಗೆ?" ಎಂದು ಕೇಳಿದ.

"ಹೋಗೋಕಾಗಲ್ಲ ಮಾವ, ದಾರಿ ಬಂದ್."

"ಹಂಗಾದ್ರೆ ಬರಿ. ನಾನು ಹೇಳಿದ್ದು ತಪ್ಪು ಅಂತ ಬರಿ."

"ಹೇಳಿದ್ದು ತಪ್ಪಲ್ಲ ಮಾವ. ಅಪ್ಪನ ಸ್ವರ ಹಾಗೇ ಇದೆ. ಎಲ್ಲರ ಮುಂದೆ ಹೇಳಿದ್ದು ತಪ್ಪು."

ಅವನು ನಗಲು ಹೋಗಿ ಕೆಮ್ಮಿದ. "ಹಂಗೇ ಬರಿ ಮತ್ತೆ. ಒಂದಕ್ಷರ ಬಿಡಬೇಡ." ಬಿಟ್ಟಿಲ್ಲ.

ಮಾವ ಹೋದ ಮೇಲೆ ಇದನ್ನೆಲ್ಲ ಫಾದರ್‌ಗೆ ಹೇಳಿದೆ. ನಿನ್ನ ಎರಡನೆಯ ಹಾಳೆಯಲ್ಲಿದ್ದ ಗುಟ್ಟನ್ನು ಹೇಳಲಿಲ್ಲ. ಅವರು ವ್ಯಾನಿನ ಅಣ್ಣನನ್ನು ಕರೆಸಿ ಏನೋ ಮಾತಾಡಿದರು. ವ್ಯಾನಿನಲ್ಲಿ ಮೂಟೆ ಇಳಿಸುವವನ ಸೀಟು ಖಾಲಿಯಿದೆಯಂತೆ. "ನಿಮ್ಮಪ್ಪನಿಗೆ ಮೊದಲೇ ತಿಳಿಸಬೇಡ, ನದಿ ದಾಟಿ ಓಡಿಹೋದಾನು" ಎಂದರು. ಬಚ್ಚಿಡುವುದು ನನ್ನಿಂದಾಗದು ಎಂದೆ. "ಬರಿ ಹಾಗಾದ್ರೆ. ಪತ್ರ ನಾನೇ ತಗೊಂಡು ಹೋಗಿ ಕೊಡ್ತೀನಿ" ಎಂದರು.

ಹಾಗಾಗಿ ಅಪ್ಪ, ಇದನ್ನು ನೀನು ಓದುತ್ತಿದ್ದೀಯ ಎಂದರೆ ಅವರು ನಿನ್ನ ಎದುರಿಗೇ ಕೂತಿದ್ದಾರೆ. ಮೊದಲು ಅವರಿಗೆ ಕುಡಿಯಲು ನೀರು ಕೊಡು. ಅವರನ್ನು ಹಾಗೇ ವಾಪಸು ಕಳಿಸುವ ಹಕ್ಕು ನಿನಗಿದೆ. ಕಳಿಸಬೇಡ ಎಂದು ನಾನು ಹೇಳುವುದಿಲ್ಲ. ಹೇಳಬೇಕೆಂದು ಆಸೆ ಮಾತ್ರ ಇದೆ.

ನಿನ್ನ
ಬುಗುರಿ


ಪಂಪ್‌ಹೌಸಿನಿಂದ,
ಜೂನ್ 30, ಮಂಗಳವಾರ

ಬುಗುರಿ,

ನೀರು ಕೊಟ್ಟೆ. ಎರಡು ಲೋಟ ಕುಡಿದರು. ಮೈಯೆಲ್ಲ ಬ್ಲೀಚಿಂಗ್ ಪುಡಿ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗಿದ್ದರು. ನಾನು ಪತ್ರ ಓದಿ ಮುಗಿಸುವವರೆಗೆ ಕಿಟಕಿಯ ಕಡೆ ತಿರುಗಿ ಕೂತಿದ್ದರು.

ದಾರಿಯಲ್ಲಿ ಪೊಲೀಸರು ನಿಲ್ಲಿಸಿದ್ದರಂತೆ. "ಈ ವಯಸ್ಸಲ್ಲಿ ಮೂಟೆ ಇಳಿಸ್ತೀರಾ ತಾತ?" ಎಂದು ಕೇಳಿದರಂತೆ. "ಇಳಿಸ್ತೀನಿ. ಅದರ ಜೊತೆ ಒಬ್ಬನಿಗೆ ಊಟ ಕೊಡೋದಿದೆ," ಎಂದು ಇವರು ಡಬ್ಬಿ ತೋರಿಸಿದರಂತೆ. ಆ ಹುಡುಗ ಬೆರಳುಗಾತ್ರದ ಡಬ್ಬಿ ನೋಡಿ, ಇವರ ಮುಖ ನೋಡಿ, "ಇಷ್ಟರಲ್ಲಿ ಹೊಟ್ಟೆ ತುಂಬುತ್ತಾ?" ಎಂದನಂತೆ. ದಾರಿ ಬಿಟ್ಟನಂತೆ. ಕೊಟ್ಟ ಮಾತಿಗೆ ತಪ್ಪಬಾರದೆಂದು ಫಾದರ್ ಎರಡು ಮೂಟೆ ಹೊರಲು ಹೋದರು. ನಾನೂ ಡ್ರೈವರೂ ಸೇರಿ ಕಿತ್ತುಕೊಂಡೆವು.

ವಾಪಸು ಕಳಿಸಬೇಕೆಂದೇ ಇದ್ದೆ. ಅವರು ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ಒಂದು ಮೂಟೆಯ ಮೇಲೆ ಕೂತು, "ಲೆಕ್ಕದಲ್ಲಿ ನಿನ್ನ ಹೆಸರಿತ್ತು, ತಂದಿದೀನಿ. ಬೇಡ ಅಂದ್ರೆ ನಾನೇ ತಗೋತೀನಿ, ನನಗೂ ಹಸಿವಾಗಿದೆ" ಎಂದರು. ನಾನು ಇನ್ನೊಂದು ಮೂಟೆಯ ಮೇಲೆ ಕೂತೆ. ಮೊದಲು ಪಾಪನಿವೇದನೆ ಆಗಬೇಕು, ಅದು ಅವರ ಕಿವಿಗೆ ಮಾತ್ರ ಹೇಳುವಂಥದ್ದು, ಆರು ವರ್ಷದ ಬಾಕಿ ಇತ್ತಲ್ಲ.

ಶುರು ಮಾಡಿದೆ. "ಏನು?" ಎಂದರು. ಸ್ವಲ್ಪ ಜೋರಾಗಿ ಹೇಳಿದೆ. ಕಿವಿಗೆ ಕೈ ಹಿಡಿದು, "ಪಂಪಿನ ಸದ್ದಪ್ಪ, ಇನ್ನೂ ಜೋರಾಗಿ!" ಎಂದರು. ನನ್ನ ಸ್ವರ ನಿನಗೆ ಗೊತ್ತಲ್ಲ. ಹೊರಗೆ ಚೀಲ ಮಡಿಸುತ್ತಿದ್ದ ಡ್ರೈವರ್ ಕೈ ನಿಲ್ಲಿಸಿ ಇತ್ತ ತಿರುಗಿದ. ಹೊರಗೆ ಹೋಗಿ ಮಾತಾಡೋಣವೆಂದರೆ, ಪಂಪು ಓಡುವಾಗ ಸ್ವಿಚ್‌ಬೋರ್ಡು ಬಿಟ್ಟು ಹೋಗುವಂತಿಲ್ಲ.

ಎದ್ದು ಹೋಗಿ ಪಂಪು ನಿಲ್ಲಿಸಿದೆ.

ಕೆಟ್ಟು ನಿಂತದ್ದುಂಟು, ಕರೆಂಟು ಹೋಗಿ ನಿಂತದ್ದುಂಟು. ಹದಿನೈದು ವರ್ಷದಲ್ಲಿ ನಾನಾಗಿಯೇ ನೀರು ನಿಲ್ಲಿಸಿದ್ದು ಇದೇ ಮೊದಲು. ಗೋಡೆ, ಕಿಟಕಿ, ಮಂಚ ಎಲ್ಲ ಒಂದು ಸಲ ನಡುಗಿ ಸುಮ್ಮನಾದವು. ಆಚೆ ನದಿ ಹರಿಯುವುದು ಕೇಳಿಸಿತು. ಅದಕ್ಕೂ ಒಂದು ಸದ್ದಿದೆ ಎಂದು ನಾನು ಯಾವತ್ತೂ ಗಮನಿಸಿಯೇ ಇರಲಿಲ್ಲ.

ಆಮೇಲೆ ಮೆಲ್ಲಗೆ ಹೇಳಿದೆ. ಏನು ಹೇಳಿದೆ ಎಂಬುದು ನಿನಗೆ ಬೇಡ. ಬಹಳ ಹೊತ್ತಾಯಿತು. ಮಧ್ಯೆ ಕಚೇರಿಯ ಫೋನು ಬಡಿದುಕೊಂಡಿತು, ನಾನು ಎತ್ತಲಿಲ್ಲ. ಎಲ್ಲ ಮುಗಿದು, ಅವರು ಡಬ್ಬಿ ತೆರೆದು ನನ್ನ ಕೈಗಿಟ್ಟರು.

ಊರಿನ ಟ್ಯಾಂಕು ತೊಳೆಯುತ್ತಿದ್ದ ದಿನ ಅದು. ನೀರು ನೇರವಾಗಿ ನಲ್ಲಿಗಳಿಗೆ ಹೋಗುತ್ತಿತ್ತು. ಅದು ನನಗೆ ನೆನಪಾದದ್ದು ಪಂಪು ಮತ್ತೆ ಹಚ್ಚಿದ ಮೇಲೆ. ಕಚೇರಿಯಿಂದ ಸಾಹೇಬರು ಮತ್ತೆ ಫೋನು ಮಾಡಿ ಕೂಗಾಡಿದರು. "ಏನ್ರೀ ಕೆಟ್ಟಿತ್ತು?" ಎಂದರು. "ಏನೂ ಕೆಟ್ಟಿರಲಿಲ್ಲ ಸಾರ್. ನನ್ನ ಸ್ವಂತ ಕೆಲಸಕ್ಕೆ ನಾನೇ ನಿಲ್ಲಿಸಿದೆ, ಬರೆದುಕೊಳ್ಳಿ," ಎಂದೆ. ಮೆಮೊ ಬರಬಹುದು. ಈ ಚಾಳಿ ನಾನು ನಿನ್ನಿಂದ ಕಲಿತದ್ದು, ನೀನು ನನ್ನಿಂದಲ್ಲ.

ಮಾವನಿಗೆ ಹೇಳು, ಅವನ ಉಸಿರು ಪೂರ್ತಿ ವಾಪಸು ಬರಲಿ. ನನ್ನ ಜೊತೆ ಜಗಳವಾಡಲು ಅದು ಬೇಕಾಗುತ್ತದೆ.

ಹಿಂದಿನ ಪತ್ರದ ಎರಡನೆಯ ಹಾಳೆಯನ್ನು ಅಮ್ಮನಿಗೆ ಓದು. ಇಲ್ಲ, ಓದಬೇಡ. ಅವಳ ಕೈಗೇ ಕೊಡು. ಫೋಟೊ ಬಿಡಿಸುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ನನ್ನ ಕಡೆಯಿಂದ ತಡೆಯಿಲ್ಲ.

ಇಂತಿ,
ಅಪ್ಪ


ಮನೆಯಿಂದ,
ಜುಲೈ 8, ಬುಧವಾರ

ರೀ,

ಇಷ್ಟು ದಿನ ಮಗಳ ಬಾಯಲ್ಲೇ ಕೇಳಿಸಿಕೊಂಡೆ. ಇದೊಂದು ನಾನೇ ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ.

ಹಾಳೆ ಓದಿದೆ. ಆ ದಿನ ಪುಸ್ತಕದಲ್ಲಿ ಹಾಡು ಹುಡುಕುತ್ತಿದ್ದೆ ಎಂದು ಹೇಳಬಹುದು, ಆದರೆ ಮನೆಯಲ್ಲಿ ಈ ಹುಡುಗಿಯನ್ನು ಇಟ್ಟುಕೊಂಡು ಸುಳ್ಳು ಹೇಳುವುದು ಹೇಗೆ? ತಮ್ಮನ ಮುಖ ನೋಡಬೇಕೋ ನಿಮ್ಮ ಮುಖ ನೋಡಬೇಕೋ ತಿಳಿಯದೆ ತಲೆ ತಗ್ಗಿಸಿದೆ. ಎತ್ತುವಷ್ಟರಲ್ಲಿ ನೀವು ಬಾಗಿಲು ದಾಟಿದ್ದಿರಿ. ನೀವು ಒಂದು ಸಲ ಕೇಳಿದ್ದರೆ ಅಂದೇ ಹೇಳುತ್ತಿದ್ದೆ. ನಾನು ಒಂದು ಸಲ ಕರೆದಿದ್ದರೆ ನೀವು ಅಂದೇ ಕೇಳುತ್ತಿದ್ದಿರೇನೋ. ಇಬ್ಬರೂ ಸೇರಿ ಆ ಚಹಾ ಕುಡಿದುಕೊಂಡು ಆರು ವರ್ಷ ಕಳೆದೆವು.

ಫೋಟೊ ಬಿಡಿಸಿದ್ದೇನೆ. ಬುಗುರಿ ಇನ್ನೊಂದು ಹೊಸ ಪ್ರಿಂಟು ಹಾಕಿಕೊಡುತ್ತೇನೆ ಎಂದಳು, ಬೇಡವೆಂದೆ. ಇಸ್ತ್ರಿ ಹಾಕಿದರೂ ಗೆರೆ ಹೋಗಲಿಲ್ಲ. ಹಾಗೇ ಅಂಟಿಸಿದೆವು. ಭಾನುವಾರ ಮೊಬೈಲಿನಲ್ಲಿ ನೋಡಿದ ತಮ್ಮ ಫೋನು ಮಾಡಿ, "ಭಾವನ ಮೀಸೆ ಆಗ ಚೆನ್ನಾಗಿತ್ತು" ಎಂದು ಮಾತ್ರ ಹೇಳಿದ. ಅವನಿಗೆ ಅದಕ್ಕಿಂತ ಹೆಚ್ಚು ಬರುವುದಿಲ್ಲ, ನಿಮಗೆ ಗೊತ್ತು.

ಇನ್ನೊಂದು ಮಾತು. ಫಾದರ್ ನಿಮ್ಮ ಹತ್ತಿರ ಬಂದ ದಿನ ನಾನು ತಲೆಗೆ ಸ್ನಾನ ಮಾಡುತ್ತಿದ್ದೆ. ತಲೆ ತುಂಬ, ಮುಖದ ತುಂಬ ಸೋಪು. ನಲ್ಲಿ ಗೊರಗೊರ ಎಂದು ನಿಂತೇಹೋಯಿತು. ಕಣ್ಣು ಬಿಡಲಾಗದೆ, ಕೈ ಚಾಚಿ ಚೊಂಬು ಹುಡುಕುತ್ತಾ, ಪಂಪಿನವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಪಕ್ಕದ ಮನೆಯವರೂ ದನಿಗೂಡಿಸಿದರು. ಬೀದಿಗೆ ಬೀದಿಯೇ ನಿಮ್ಮನ್ನು ಬೈದಿದೆ. ಬುಗುರಿ ನಿಮ್ಮ ಪತ್ರ ಓದಿದ ಮೇಲೆ ಎಲ್ಲ ಬೈಗುಳ ವಾಪಸು ತೆಗೆದುಕೊಂಡಿದ್ದೇನೆ. ಪಕ್ಕದ ಮನೆಯವರದ್ದು ನನ್ನ ಕೈಯಲ್ಲಿಲ್ಲ.

ಈಗ ಮನೆಯಲ್ಲಿರುವ ಬಕೆಟು, ಕೊಡ, ದೊಡ್ಡ ಪಾತ್ರೆ ಎಲ್ಲ ತುಂಬಿಸಿಟ್ಟಿದ್ದೇನೆ. ಮತ್ತೆ ಏನಾದರೂ ಹೇಳಬೇಕು ಅನ್ನಿಸಿದರೆ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಪಂಪು ನಿಲ್ಲಿಸಿ.

ಇಂತಿ,
ನಿಮ್ಮವಳು